ಬಾಸ್ ಹೆಸರಲ್ಲಿ ಬಂದ ಕಾಲ್ ಬಾಸ್‌ದಲ್ಲ: ನಿಮ್ಮ ಸಂಸ್ಥೆನೇ ಗುರಿ ಮಾಡ್ಕೊಂಡು ಬರೋ ವಂಚಕರನ್ನ ತಡೆಯೋಕೆ ಸಮಗ್ರ ಮಾರ್ಗದರ್ಶಿ

ಲಕ್ಷ ಜನಕ್ಕೆ ಒಂದೇ ಥರ "ನಿಮಗೆ ಲಾಟರಿ ಹೊಡೆದಿದೆ" ಅಂತ ಮೇಲ್ ಹಾಕೋರ ವಿಷಯ ಇಲ್ಲಿಲ್ಲ. ನಿಮ್ಮ ಸಂಸ್ಥೆನೇ ಆರಿಸ್ಕೊಂಡು, ಅಕೌಂಟ್ಸ್‌ನಲ್ಲಿ ಯಾರಿದಾರೆ, ಅವರ ಮ್ಯಾನೇಜರ್ ಯಾರು, ನೀವು ಯಾವ ವೆಂಡರ್‌ಗೆ ದುಡ್ಡು ಕೊಡ್ತೀರಾ, ನಿಮ್ಮ ಐಟಿ ಹೆಲ್ಪ್‌ಡೆಸ್ಕ್ ಫೋನ್ ಎತ್ತಿದ ತಕ್ಷಣ ಏನಂತ ಮಾತು ಶುರು ಮಾಡತ್ತೆ, ಇದನ್ನೆಲ್ಲ ಓದ್ಕೊಂಡು ಬರೋರು ಇರ್ತಾರಲ್ಲ, ಅವರ ವಿಷಯ ಇದು.

ಇಂಥವರ ವಿರುದ್ಧ ಬಹಳಷ್ಟು ಕಡೆ ಇರೋ ಏಕೈಕ ರಕ್ಷಣೆ ಅಂದ್ರೆ ವರ್ಷಕ್ಕೊಂದ್ಸಲ ಒಂದು ವಿಡಿಯೋ ತೋರ್ಸಿ "ಹುಷಾರಾಗಿರಿ" ಅನ್ನೋದು. ಅದು ಸಾಲಲ್ಲ. ಎಷ್ಟೇ ಹುಷಾರಿರೋ ಮನುಷ್ಯ ಆದ್ರೂ ಕೆಲಸದ ಒತ್ತಡದಲ್ಲಿ, ಸುಸ್ತಾಗಿರೋವಾಗ, ಮೇಲಿನವರ ಹೆಸರು ಕೇಳಿದಾಗ ನಂಬಿಬಿಡ್ತಾನೆ, ಅದು ಮನುಷ್ಯ ಸಹಜ. ಹಾಗಾಗಿ ನಾನಿಲ್ಲಿ ಹೇಳೋ ಪ್ರತಿ ಹಂತದ ಹಿಂದೆ ಇರೋ ಪ್ರಶ್ನೆ ಒಂದೇ: ನಮ್ಮ ಸ್ಟಾಫ್ ಒಬ್ಬರು ವಂಚಕನ್ನ ಪೂರ್ತಿ ನಂಬಿಬಿಟ್ರು ಅಂತಾನೇ ಇಟ್ಕೊಳ್ಳಿ, ಆಗ್ಲೂ ದೊಡ್ಡ ನಷ್ಟ ಆಗದ ಹಾಗೆ ಕೆಲಸದ ರೀತಿ ಇದೆಯಾ?

ಹಂತ 1: ಹೊರಗಿಂದ ನಿಮ್ಮ ಸಂಸ್ಥೆ ಹೆಂಗೆ ಕಾಣತ್ತೆ ಅಂತ ನೋಡಿ

ಒಬ್ಬರನ್ನ ಒಂದು ದಿನ ಕೂರ್ಸಿ, ಆಫೀಸ್ ಲಾಗಿನ್ ಯಾವುದೂ ಬಳಸದೆ, ಬರೀ ಇಂಟರ್‌ನೆಟ್‌ನಲ್ಲಿ ಸಿಗೋದನ್ನ ಮಾತ್ರ ಹುಡುಕೋಕೆ ಹೇಳಿ. ಲಿಂಕ್ಡ್‌ಇನ್‌ನಲ್ಲಿ ಯಾರು ಹೊಸದಾಗಿ ಸೇರಿದಾರೆ, ಕೆಲಸದ ಜಾಹೀರಾತಲ್ಲಿ ನೀವು ಯಾವ ಸಾಫ್ಟ್‌ವೇರ್ ಬಳಸ್ತೀರಾ ಅಂತ ಬರೆದಿದೀರಾ, ವೆಂಡರ್‌ಗಳು "ನಮ್ಮ ಗ್ರಾಹಕರು" ಅಂತ ನಿಮ್ಮ ಲೋಗೋ ಹಾಕಿದಾರಾ, ಐಡಿ ಕಾರ್ಡ್ ಕಾಣೋ ಹಾಗೆ ಫೋಟೋ ಇದೆಯಾ, ರಜೆಯಲ್ಲಿದ್ದಾಗ ಹೋಗೋ ಆಟೋ ರಿಪ್ಲೈನಲ್ಲಿ "ತುರ್ತಿದ್ರೆ ಇವರನ್ನ ಸಂಪರ್ಕಿಸಿ" ಅಂತ ಹೆಸರು ನಂಬರ್ ಎಲ್ಲ ಹೋಗ್ತಿದೆಯಾ, ಎಲ್ಲ ಬರೆದಿಡ್ಲಿ. ಇದನ್ನೆಲ್ಲ ಅಳಿಸೋಕೆ ಆಗಲ್ಲ, ಅಳಿಸೋ ಅಗತ್ಯಾನೂ ಇಲ್ಲ. ಈ ಪಟ್ಟಿಯಿಂದ ನಿಮಗೆ ಸಿಗೋ ಉಪಯೋಗ ಬೇರೆ: ಇದರಲ್ಲಿರೋ ಯಾವ ಮಾಹಿತಿನೂ ಇನ್ಮುಂದೆ ಗುರುತಿನ ಸಾಕ್ಷಿ ಅಲ್ಲ. ಎಂಪ್ಲಾಯಿ ಐಡಿ, ಹುಟ್ಟಿದ ದಿನ, ಮ್ಯಾನೇಜರ್ ಹೆಸರು, ಪ್ರಾಜೆಕ್ಟ್ ಹೆಸರು ಎಲ್ಲ ಹೇಳಿದ ಅಂದ ಮಾತ್ರಕ್ಕೆ ಅವನು ನಮ್ಮವನೇ ಅಂತ ಆಗಲ್ಲ.

ಆಮೇಲೆ ಇನ್ನೊಂದು ಪಟ್ಟಿ, ಇದು ಮೊದಲನೇದಕ್ಕಿಂತ ಮುಖ್ಯ. ನಿಮ್ಮಲ್ಲಿ ಯಾವ ಯಾವ ಕೆಲಸನ ಒಬ್ಬರೇ ವ್ಯಕ್ತಿ, ಒಂದೇ ಮಾತಿಗೆ ಮಾಡ್ಬಿಡಬಹುದು, ಮಾಡಿದ್ರೆ ವಾಪಸ್ ತಗೊಳ್ಳೋಕೆ ಕಷ್ಟ? ಹಣ ಕಳಿಸೋದು, ವೆಂಡರ್ ಬ್ಯಾಂಕ್ ಖಾತೆ ಬದಲಾಯಿಸೋದು, ಪಾಸ್‌ವರ್ಡ್ ರೀಸೆಟ್, ಹೊಸ ಫೋನ್‌ಗೆ ಲಾಗಿನ್ ಅಪ್ರೂವಲ್ ಕೊಡೋದು, ಸಂಬಳದ ಫೈಲ್ ಹೊರಗೆ ಕಳಿಸೋದು, ರಿಮೋಟ್ ಸಪೋರ್ಟ್ ಸಾಫ್ಟ್‌ವೇರ್ ಹಾಕೋದು, ಕೋಡ್ ರಿಲೀಸ್ ಮಾಡೋದು. 2016ರಲ್ಲಿ ಸ್ನ್ಯಾಪ್‌ಚಾಟ್‌ನಲ್ಲಿ ಸಿಇಒ ಹೆಸರಲ್ಲಿ ಬಂದ ಒಂದು ಮೇಲ್ ನಂಬಿ ಉದ್ಯೋಗಿಗಳ ಪೇರೋಲ್ ಮಾಹಿತಿ ಕಳಿಸ್ಬಿಟ್ರು, ಅಲ್ಲಿ ಸರ್ವರ್ ಯಾವುದೂ ಹ್ಯಾಕ್ ಆಗಿರ್ಲಿಲ್ಲ. ಈ ಎರಡನೇ ಪಟ್ಟಿಯಲ್ಲಿರೋ ಬಾಗಿಲುಗಳಿಗೆ ಮಾತ್ರ ಗಟ್ಟಿ ಬೀಗ ಹಾಕಿ, ಎಲ್ಲದಕ್ಕೂ ಹಾಕೋಕೆ ಹೋದ್ರೆ ಜನ ಬೇಸತ್ತು ಅಡ್ಡದಾರಿ ಹುಡುಕ್ತಾರೆ.

ಹಂತ 2: ಹಣ ಹೊರಗೆ ಹೋಗೋ ದಾರಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳಲ್ಲಿ ಬಿಸಿನೆಸ್ ಇಮೇಲ್ ವಂಚನೆ (ಬಾಸ್ ಅಥವಾ ವೆಂಡರ್ ಹೆಸರಲ್ಲಿ ಮೇಲ್ ಹಾಕಿ ಕಂಪನಿಯಿಂದ ಹಣ ಹೊಡೆಯೋದು) ಒಂದರಿಂದಲೇ ಆದ ನಷ್ಟ ಸುಮಾರು 290 ಕೋಟಿ ಡಾಲರ್.

"ಎರಡು ಜನ ಅಪ್ರೂವ್ ಮಾಡ್ಬೇಕು ಅನ್ನೋ ರೂಲ್ ನಮ್ಮಲ್ಲಿ ಇದೆ" ಅಂತ ನೆಮ್ಮದಿಯಾಗಿರೋರು 2015ರ ಮ್ಯಾಟೆಲ್ ಕಥೆ ಕೇಳ್ಬೇಕು. ಆಟಿಕೆ ಮಾಡೋ ಆ ಕಂಪನಿಗೆ ಆಗಷ್ಟೇ ಹೊಸ ಸಿಇಒ ಬಂದಿದ್ರು, ಅವರ ಹೆಸರಲ್ಲಿ ಫೈನಾನ್ಸ್‌ನ ಒಬ್ಬ ಹಿರಿಯ ಅಧಿಕಾರಿಗೆ ಚೀನಾದ ವೆಂಡರ್ ಒಬ್ಬರಿಗೆ ಹಣ ಕಳಿಸಿ ಅಂತ ಮೇಲ್ ಬಂತು. ಇಬ್ಬರು ಹಿರಿಯರ ಒಪ್ಪಿಗೆ ಬೇಕು ಅನ್ನೋದು ರೂಲ್, ಈ ಅಧಿಕಾರಿಗೂ ಆ ಅಧಿಕಾರ ಇದೆ, ಸಿಇಒಗೂ ಇದೆ, ಸರಿ ಇಬ್ಬರಾಯ್ತಲ್ಲ ಅಂತ 30 ಲಕ್ಷ ಡಾಲರ್ ಹೋಯ್ತು. ಅಂದ್ರೆ ಎರಡನೇ ಸಹಿ ಹಾಕಿದ್ದು ವಂಚಕನೇ! ಚೀನಾದಲ್ಲಿ ಮಾರನೇ ದಿನ ಬ್ಯಾಂಕ್ ರಜೆ ಇದ್ದಿದ್ರಿಂದ ತಡೆಯೋಕೆ ಟೈಮ್ ಸಿಕ್ಕಿ ಹಣ ವಾಪಸ್ ಬಂತು.

ಆದ್ರಿಂದ ನಿಯಮ ಹೀಗಿರ್ಲಿ. ಎರಡನೇ ಒಪ್ಪಿಗೆ ಯಾವತ್ತೂ ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಅಲ್ಲ, ಪೇಮೆಂಟ್ ಸಿಸ್ಟಮ್‌ಗೆ ಆ ವ್ಯಕ್ತಿ ತನ್ನದೇ ಲಾಗಿನ್‌ನಿಂದ ಬಂದು ಕೊಡ್ಬೇಕು. ಕೇಳಿದವರು ಮತ್ತೆ ಒಪ್ಪಿಗೆ ಕೊಡೋರು ಒಬ್ಬರೇ ಆಗಿರಬಾರದು. ಎರಡನೇಯವರು ಮೊದಲನೇಯವರ ಮುಖ ನೋಡಿ ಒತ್ತೋದಲ್ಲ, ಇನ್‌ವಾಯ್ಸ್, ಪರ್ಚೇಸ್ ಆರ್ಡರ್, ಮಾಲು ಬಂದಿದ್ದಕ್ಕೆ ರಸೀತಿ, ಮೂರೂ ತಾಳೆ ಆಗ್ತಿದೆಯಾ ಅಂತ ತಾವೇ ನೋಡ್ಬೇಕು. ಗೂಗಲ್ ಮತ್ತೆ ಫೇಸ್‌ಬುಕ್ 2013ರಿಂದ 2015ರವರೆಗೆ ಇದೇ ಜಾಗದಲ್ಲಿ 10 ಕೋಟಿ ಡಾಲರ್‌ಗಿಂತ ಹೆಚ್ಚು ಕಳ್ಕೊಂಡ್ವು, ವಂಚಕ ಅವರ ನಿಜವಾದ ಸಪ್ಲೈಯರ್ ಆಗಿದ್ದ ಕ್ವಾಂಟಾ ಹೆಸರಲ್ಲೇ ಲಾಟ್ವಿಯಾದಲ್ಲಿ ಒಂದು ಕಂಪನಿ ರಿಜಿಸ್ಟರ್ ಮಾಡ್ಸಿ ಸುಳ್ಳು ಬಿಲ್ ಕಳಿಸ್ತಾ ಹೋದ.

ವೆಂಡರ್ ಬ್ಯಾಂಕ್ ಖಾತೆ ಬದಲಾವಣೆ ಅಂತ ಬಂದ್ರೆ ಫೋನ್ ಮಾಡಿ ಕೇಳಿ. ಯಾವ ನಂಬರ್‌ಗೆ? ಆ ಮೇಲ್‌ನಲ್ಲಿರೋ ನಂಬರ್‌ಗಲ್ಲ, ಮುಂಚಿನಿಂದ ನಿಮ್ಮ ಫೈಲಲ್ಲಿರೋ ನಂಬರ್‌ಗೆ. ಮೇಲ್ ನಿಜವಾದ ವೆಂಡರ್ ಅಡ್ರೆಸ್‌ನಿಂದಲೇ, ಹಳೇ ಮಾತುಕತೆ ಮುಂದುವರೆದ ಹಾಗೆ ಬಂದಿದ್ರೂ ಇದೇ ರೂಲ್, ಯಾಕಂದ್ರೆ ಹ್ಯಾಕ್ ಆಗಿರೋದು ವೆಂಡರ್‌ನ ಮೇಲ್‌ಬಾಕ್ಸೇ ಇರಬಹುದು. ಜಾಣ ವಂಚಕ ಮೊದ್ಲು "ನಮ್ಮ ಫೋನ್ ನಂಬರ್ ಬದಲಾಗಿದೆ" ಅಂತ ಒಂದು ಮೇಲ್ ಹಾಕಿ, ಕೆಲವು ವಾರ ಬಿಟ್ಟು ಖಾತೆ ಬದಲಾಯಿಸಿ ಅಂತಾನೆ, ಹಾಗಾಗಿ ನಂಬರ್ ಬದಲಾವಣೆನೂ ಹಳೇ ನಂಬರ್‌ಗೆ ಕಾಲ್ ಮಾಡಿನೇ ಖಚಿತಪಡಿಸ್ಕೊಳ್ಬೇಕು. ಬದಲಾಯಿಸಿದ ಖಾತೆಗೆ ಮೊದಲನೇ ದೊಡ್ಡ ಪಾವತಿ ಕೆಲವು ದಿನ ತಡೆದಿಡಿ. ಇನ್ನು ಒಂದು ರೂಪಾಯಿನೋ ಒಂದು ಡಾಲರೋ ಹಾಕಿ "ಬಂತಾ?" ಅಂತ ಅದೇ ಮೇಲ್‌ನಲ್ಲಿ ಕೇಳೋದು ಪರೀಕ್ಷೆ ಅಲ್ವೇ ಅಲ್ಲ, ಬಂತು ಅಂತ ಹೇಳೋನು ಅವನೇ.

"ತುರ್ತು ಇದೆ, ಗುಟ್ಟಾಗಿರ್ಲಿ, ಯಾರಿಗೂ ಹೇಳ್ಬೇಡಿ" ಈ ಮೂರೂ ಒಟ್ಟಿಗೆ ಬಂದ್ರೆ ಹಣ ಕಳಿಸೋದು ನಿಲ್ಸಿ ಫೈನಾನ್ಸ್ ಮುಖ್ಯಸ್ಥರಿಗೆ ಹೇಳ್ಬೇಕು ಅನ್ನೋದು ಬರವಣಿಗೆಯಲ್ಲಿ ಇರ್ಲಿ. ಮತ್ತೆ ಆ ನಿಯಮದ ಕೆಳಗೆ ಸಿಇಒ ಸ್ವತಃ "ನನಗೂ ಇದು ಅನ್ವಯ, ನಾನೇ ಕಾಲ್ ಮಾಡಿ ಕಿರುಚಾಡಿದ್ರೂ ನಿಯಮ ಮೀರ್ಬೇಡಿ" ಅಂತ ಬರೆದು ಸಹಿ ಹಾಕ್ಬೇಕು. ಈ ಒಂದು ಕಾಗದಕ್ಕೆ ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರ್‌ಗಿಂತ ಶಕ್ತಿ ಜಾಸ್ತಿ ಅಂತ ನಾನು ನಂಬ್ತೀನಿ.

ಹಂತ 3: ಹೆಲ್ಪ್‌ಡೆಸ್ಕ್

ಸಹಾಯ ಮಾಡೋದೇ ಇವರ ಕೆಲಸ, ಬೇಗ ಮುಗಿಸಿದ್ರೆ ಶಭಾಷ್ ಅಂತಾರೆ, ಲೇಟಾದ್ರೆ ಬೈತಾರೆ. ವಂಚಕನಿಗೆ ಇದಕ್ಕಿಂತ ಒಳ್ಳೇ ಜಾಗ ಇನ್ನೊಂದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೋಟೆಲ್-ಕ್ಯಾಸಿನೋ ಕಂಪನಿ ಎಂಜಿಎಂ ರೆಸಾರ್ಟ್ಸ್ ಮೇಲೆ ಆದ ದಾಳಿ ಹೆಲ್ಪ್‌ಡೆಸ್ಕ್‌ಗೆ ಉದ್ಯೋಗಿ ಥರ ಮಾತಾಡಿದ ಒಂದು ಫೋನ್ ಕಾಲ್‌ನಿಂದ ಶುರುವಾಯ್ತು ಅಂತ ವರದಿಗಳಿವೆ, ಸುಮಾರು 10 ಕೋಟಿ ಡಾಲರ್ ಹೊಡೆತ ಬಿತ್ತು ಅಂತ ಕಂಪನಿನೇ ಹೇಳ್ಕೊಂಡಿದೆ.

"ಫೋನ್ ಕಳೆದೋಯ್ತು, ಹೊಸ ಫೋನ್‌ಗೆ ಅಥೆಂಟಿಕೇಟರ್ (ಲಾಗಿನ್ ಖಚಿತಪಡಿಸೋ ಆ್ಯಪ್) ಹಾಕ್ಕೊಡಿ" ಅಂತ ಬಂದಾಗ ಏನ್ ಮಾಡ್ಬೇಕು? ಆಫೀಸ್ ಹತ್ರ ಇರೋರಾದ್ರೆ ಖುದ್ದಾಗಿ ಬಂದು ಐಡಿ ತೋರ್ಸೋದೇ ಒಳ್ಳೇದು. ದೂರದಲ್ಲಿರೋರಾದ್ರೆ ಅವರ ಮ್ಯಾನೇಜರ್ ತಮ್ಮ ಸ್ವಂತ ಲಾಗಿನ್‌ನಿಂದ ಟಿಕೆಟ್ ಹಾಕ್ಬೇಕು, ಜೊತೆಗೆ ಹೆಲ್ಪ್‌ಡೆಸ್ಕ್‌ನೋರು ಎಚ್‌ಆರ್ ದಾಖಲೆಯಲ್ಲಿರೋ ನಂಬರ್‌ಗೆ ತಾವೇ ವಾಪಸ್ ಕಾಲ್ ಮಾಡ್ಬೇಕು. ಸಿಮ್ ಸ್ವಾಪ್ ಮಾಡಿ, ಅಂದ್ರೆ ಅದೇ ನಂಬರ್‌ಗೆ ತಾನೇ ಬೇರೆ ಸಿಮ್ ತಗೊಂಡು, ಆ ನಂಬರನ್ನೇ ಕದ್ದಿರಬಹುದು, ಅದಕ್ಕೇ ಕಾಲ್ ಬ್ಯಾಕ್ ಒಂದನ್ನೇ ನಂಬೋ ಹಾಗಿಲ್ಲ, ಎರಡೂ ಬೇಕು. ಕೊಡೋ ತಾತ್ಕಾಲಿಕ ಪಾಸ್ ಕೆಲವೇ ನಿಮಿಷ ಬಾಳಿಕೆ ಬರೋ, ಒಂದೇ ಸಲ ಬಳಸೋ ಥರದ್ದಿರ್ಲಿ. ರೀಸೆಟ್ ಆದ ತಕ್ಷಣ ಆ ವ್ಯಕ್ತಿಯ ಮೇಲ್, ಚಾಟ್, ಫೋನ್, ಮ್ಯಾನೇಜರ್, ಎಲ್ಲರಿಗೂ ನೋಟಿಫಿಕೇಷನ್ ಹೋಗ್ಬೇಕು, ನಿಜವಾದವರು "ನಾನ್ ಕೇಳಿಲ್ವಲ್ಲ" ಅಂತ ಎಚ್ಚೆತ್ಕೊಳ್ಳೋಕೆ ಅದೇ ಅವಕಾಶ. ಅಡ್ಮಿನ್ ಅಕೌಂಟ್‌ಗಳಿಗೆ ಫೋನ್ ಮೇಲೆ ರೀಸೆಟ್ ಇಲ್ಲವೇ ಇಲ್ಲ.

ಉಲ್ಟಾ ಕಡೆಯಿಂದಾನೂ ಬರತ್ತೆ. 2020ರ ಜುಲೈನಲ್ಲಿ ಟ್ವಿಟರ್ ಉದ್ಯೋಗಿಗಳಿಗೆ "ಐಟಿ ಹೆಲ್ಪ್‌ಡೆಸ್ಕ್‌ನಿಂದ ಮಾತಾಡ್ತಿದೀವಿ, ನಿಮ್ಮ ವಿಪಿಎನ್ ಸಮಸ್ಯೆ ಬಗ್ಗೆ" ಅಂತ ಕಾಲ್ ಬಂತು (ವಿಪಿಎನ್ ಅಂದ್ರೆ ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರೋ ದಾರಿ), ಎಲ್ಲ ಮನೆಯಿಂದ ಕೆಲಸ ಮಾಡ್ತಿದ್ದ ಕಾಲ, ವಿಪಿಎನ್ ಸಮಸ್ಯೆ ಎಲ್ಲರಿಗೂ ಇದ್ದೇ ಇತ್ತು, ಹಾಗಾಗಿ ನಂಬಿದ್ರು. ಅಸಲಿ ಥರನೇ ಇದ್ದ ನಕಲಿ ಪೇಜ್‌ನಲ್ಲಿ ಪಾಸ್‌ವರ್ಡ್ ಹಾಕಿದ್ರು, ವಂಚಕರು ಅದನ್ನ ಅದೇ ಕ್ಷಣ ಅಸಲಿ ಪೇಜ್‌ಗೆ ಹಾಕಿದ್ರು, ಫೋನ್‌ಗೆ ಬಂದ ಅಪ್ರೂವಲ್‌ನ ಕೆಲವರು ಒತ್ತಿದ್ರು. 130 ಅಕೌಂಟ್‌ಗಳನ್ನ ಗುರಿ ಮಾಡಿ, 45ರಿಂದ ಬಿಟ್‌ಕಾಯಿನ್ ವಂಚನೆ ಟ್ವೀಟ್ ಹೋಯ್ತು. ಇದಕ್ಕೆ ಪರಿಹಾರ ಸರಳ: ಐಟಿಯಿಂದ ಕಾಲ್ ಬಂದ್ರೆ ಇಟ್ಬಿಟ್ಟು, ಇಂಟ್ರಾನೆಟ್‌ನಲ್ಲಿರೋ (ಆಫೀಸ್ ಒಳಗಿನ ವೆಬ್‌ಸೈಟ್‌ನಲ್ಲಿರೋ) ನಂಬರ್‌ಗೆ ನೀವೇ ಕಾಲ್ ಮಾಡಿ ಅಂತ ಎಲ್ಲರಿಗೂ ಹೇಳಿ, ಅಸಲಿ ಐಟಿಯವರು ಇದಕ್ಕೆ ಬೇಜಾರು ಮಾಡ್ಕೋಬಾರದು ಅಂತ ಅವರಿಗೂ ಹೇಳಿ.

ಹೆಲ್ಪ್‌ಡೆಸ್ಕ್ ಹೊರಗಿನ ಕಂಪನಿಗೆ ಕೊಟ್ಟಿದ್ರೆ ಈ ನಿಯಮಗಳು ಕಾಂಟ್ರಾಕ್ಟ್‌ನಲ್ಲೇ ಇರ್ಬೇಕು, ನೀವೇ ಆಗಾಗ ಕಾಲ್ ಮಾಡಿ ಪರೀಕ್ಷೆ ಮಾಡೋ ಹಕ್ಕೂ ಇರ್ಬೇಕು. ಕಾಲ್ ಎಷ್ಟು ಬೇಗ ಮುಗೀತು ಅನ್ನೋದನ್ನ ಮಾತ್ರ ಅಳೀತಾ ಇದ್ರೆ ಗುರುತು ಪರಿಶೀಲನೆ ಮೊದಲು ಬಿದ್ದೋಗತ್ತೆ.

ಹಂತ 4: ಲಾಗಿನ್

ಓಟಿಪಿ ಇದ್ರೆ ಸಾಕು ಅನ್ನೋ ಕಾಲ ಮುಗೀತು. ಮಧ್ಯದಲ್ಲಿ ಕೂತು ಪಾಸ್‌ವರ್ಡ್ ಜೊತೆ ಓಟಿಪಿನೂ ದಾಟಿಸ್ಕೊಳ್ಳೋ ನಕಲಿ ಪೇಜ್‌ಗಳು ಈಗ ಮಾಮೂಲಿ. 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಅನ್ನೋ ಇಂಟರ್‌ನೆಟ್ ಕಂಪನಿಯ ಕನಿಷ್ಠ 76 ಉದ್ಯೋಗಿಗಳಿಗೆ ಒಂದೇ ನಿಮಿಷದೊಳಗೆ ನಕಲಿ ಲಾಗಿನ್ ಲಿಂಕ್ ಇರೋ ಎಸ್‌ಎಂಎಸ್ ಬಂತು, ಆ ನಕಲಿ ಡೊಮೇನ್ (ವೆಬ್ ವಿಳಾಸ) ರಿಜಿಸ್ಟರ್ ಆಗಿ 40 ನಿಮಿಷನೂ ಆಗಿರ್ಲಿಲ್ಲ. ಮೂರು ಜನ ಪಾಸ್‌ವರ್ಡ್ ಹಾಕೇಬಿಟ್ರು. ಆದ್ರೂ ಒಳಗೆ ಬರೋಕೆ ಆಗ್ಲಿಲ್ಲ, ಯಾಕಂದ್ರೆ ಅಲ್ಲಿ ಪ್ರತಿಯೊಬ್ಬರ ಹತ್ರ ಹಾರ್ಡ್‌ವೇರ್ ಸೆಕ್ಯುರಿಟಿ ಕೀ (ಲಾಗಿನ್ ಆಗೋಕೆ ಬೇಕಾದ ಪುಟ್ಟ ಸಾಧನ) ಇತ್ತು. ಆ ಕೀ ಯಾವ ಸೈಟ್‌ಗೆ ರಿಜಿಸ್ಟರ್ ಆಗಿದೆಯೋ ಆ ಡೊಮೇನ್‌ಗೆ ಮಾತ್ರ ಉತ್ತರ ಕೊಡತ್ತೆ, ನಕಲಿ ಸೈಟ್ ಕಣ್ಣಿಗೆ ಎಷ್ಟೇ ಅಸಲಿ ಥರ ಕಂಡ್ರೂ ಕೀಗೆ ಅದು ಬೇರೆ ಡೊಮೇನೇ. ಹೆಚ್ಚುಕಡಿಮೆ ಅದೇ ಹೊತ್ತಲ್ಲಿ ಅದೇ ಥರದ ಎಸ್‌ಎಂಎಸ್ ದಾಳಿಯಲ್ಲಿ ಟ್ವಿಲಿಯೊ ಅನ್ನೋ ಕಂಪನಿ ಒಳಗೆ ವಂಚಕರು ಹೋಗ್ಬಿಟ್ರು. ಮೂರು ಜನ ಮೋಸ ಹೋದ್ರೂ ಏನೂ ಆಗ್ಲಿಲ್ಲ ಅಂದ್ರೆ, ನಾನು ಮೇಲೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಅದು.

ಒಂದೇ ಸಲ ಎಲ್ಲರಿಗೂ ಕೊಡೋಕೆ ಬಜೆಟ್ ಇಲ್ಲ ಅಂದ್ರೆ ಅಡ್ಮಿನ್‌ಗಳು, ಹೆಲ್ಪ್‌ಡೆಸ್ಕ್, ಫೈನಾನ್ಸ್, ಎಚ್‌ಆರ್, ಮೇಲಿನ ಅಧಿಕಾರಿಗಳು ಮತ್ತೆ ಅವರ ಅಸಿಸ್ಟೆಂಟ್‌ಗಳು, ಇವರಿಂದ ಶುರು ಮಾಡಿ. ಅಸಿಸ್ಟೆಂಟ್‌ಗಳನ್ನ ಮರೀಬೇಡಿ, ಬಾಸ್ ಮೇಲ್‌ಬಾಕ್ಸ್ ಅವರ ಕೈಯಲ್ಲೇ ಇರತ್ತೆ. ಉಳಿದವರಿಗೆ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲೇ ಇರೋ ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸೋ ಡಿಜಿಟಲ್ ಕೀ) ಸಾಕು. ಆದ್ರೆ ಕೀ ಕೊಟ್ಟು ಪಕ್ಕದಲ್ಲಿ "ಎಸ್‌ಎಂಎಸ್ ಮೂಲಕ ಲಾಗಿನ್ ಆಗಿ" ಅನ್ನೋ ಆಯ್ಕೆನ ಹಾಗೇ ಬಿಟ್ರೆ ವಂಚಕ ಅದನ್ನೇ ಒತ್ತಿಸ್ತಾನೆ, ಅದನ್ನ ತೆಗೀರಿ.

ಇನ್ನೂ ಪುಶ್ ನೋಟಿಫಿಕೇಷನ್‌ನಲ್ಲೇ (ಫೋನ್‌ಗೆ ಬರೋ ಅಪ್ರೂವಲ್ ಒತ್ತಿ ಲಾಗಿನ್ ಆಗೋದ್ರಲ್ಲೇ) ಇದೀರಾ ಅಂದ್ರೆ ಬರೀ "ಒಪ್ಪಿಗೆ" ಬಟನ್ ಬೇಡ, ಸ್ಕ್ರೀನ್‌ನಲ್ಲಿ ಕಾಣೋ ನಂಬರ್ ಟೈಪ್ ಮಾಡೋ ಥರ ಮಾಡಿ. 2022ರ ಸೆಪ್ಟೆಂಬರ್‌ನಲ್ಲಿ ಊಬರ್‌ನ ಕಾಂಟ್ರಾಕ್ಟರ್ ಒಬ್ಬರಿಗೆ ಮೇಲಿಂದ ಮೇಲೆ ಅಪ್ರೂವಲ್ ಬರ್ತಾನೇ ಇತ್ತು, ಕೊನೆಗೆ ಒಂದನ್ನ ಒತ್ತಿಬಿಟ್ರು. ಇದರ ಜೊತೆಗೆ, ಹೊರಗಿನ ಆ್ಯಪ್‌ಗೆ ಮೇಲ್ ಓದೋ ಅನುಮತಿ ಕೊಡೋದನ್ನ ಉದ್ಯೋಗಿ ಒಬ್ಬರೇ ಮಾಡೋ ಹಾಗಿರಬಾರದು, ಅಡ್ಮಿನ್ ಒಪ್ಪಿಗೆ ಬೇಕು. ಟಿವಿ ಥರದ ಸಾಧನಗಳಿಗೆ ಕೋಡ್ ಹಾಕಿ ಲಾಗಿನ್ ಮಾಡೋ ದಾರಿ ನಿಮಗೆ ಬೇಕಿಲ್ಲ ಅಂದ್ರೆ ಬ್ಲಾಕ್ ಮಾಡಿ, ಆ ಕೋಡ್‌ನ ಮೀಟಿಂಗ್ ಲಿಂಕ್ ಅಂತ ಹೇಳಿ ಹಾಕಿಸ್ಕೊಳ್ಳೋರು ಇದಾರೆ.

ಹಂತ 5: ಮೇಲ್ ಡೊಮೇನ್

ಇದು ಬೇಗ ಮುಗಿಯೋ ವಿಷಯ. ಎಸ್‌ಪಿಎಫ್, ಡಿಕಿಮ್ (ಮೇಲ್ ನಿಮ್ಮ ಡೊಮೇನ್‌ನಿಂದಲೇ ಬಂತಾ ಅಂತ ಪರೀಕ್ಷಿಸೋ ವ್ಯವಸ್ಥೆಗಳು) ಸರಿ ಮಾಡಿ, ಡಿಮಾರ್ಕ್‌ನ (ಆ ಪರೀಕ್ಷೆಯಲ್ಲಿ ಫೇಲ್ ಆದ ಮೇಲ್‌ನ ಏನ್ ಮಾಡ್ಬೇಕು ಅಂತ ಹೇಳೋ ನಿಯಮ) ಮೊದ್ಲು ಬರೀ ವರದಿ ಕಳಿಸೋ ಮಟ್ಟದಲ್ಲಿಟ್ಟು, ನಿಮ್ಮ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸ್ತಿದಾರೆ ಅಂತ ನೋಡ್ಕೊಂಡು, ಆಮೇಲೆ ಕ್ವಾರಂಟೈನ್ (ಅನುಮಾನದ ಮೇಲ್ ಬೇರೆ ಇಡೋದು), ಆಮೇಲೆ ರಿಜೆಕ್ಟ್ (ಒಳಗೇ ಬಿಡದಿರೋದು). ಬಹಳ ಜನ ಮೊದಲನೇ ಮಟ್ಟದಲ್ಲೇ ವರ್ಷಗಟ್ಟಲೆ ನಿಲ್ತಾರೆ, ಅದ್ರಿಂದ ನಕಲಿ ಮೇಲ್ ಒಂದೂ ನಿಲ್ಲಲ್ಲ. ಇದು ನಿಮ್ಮದೇ ಡೊಮೇನ್ ಹೆಸರು ಹಾಕೋದನ್ನ ತಡೆಯತ್ತೆ ಅಷ್ಟೇ, ಒಂದಕ್ಷರ ಬದಲಾಯಿಸಿದ ಡೊಮೇನ್‌ನ ತಡೆಯಲ್ಲ. ಹೊರಗಿನ ಅಡ್ರೆಸ್‌ಗೆ ತಾನೇ ಫಾರ್ವರ್ಡ್ ಆಗೋ ರೂಲ್‌ಗಳನ್ನೂ ಬಂದ್ ಮಾಡಿ.

ಹಂತ 6: ಧ್ವನಿ ಮತ್ತೆ ಮುಖ

2024ರ ಶುರುವಿನಲ್ಲಿ ಅರೂಪ್ ಅನ್ನೋ ಇಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಆಫೀಸ್‌ನ ಉದ್ಯೋಗಿಗೆ ಸಿಎಫ್‌ಒ (ಹಣಕಾಸಿನ ಮುಖ್ಯಸ್ಥರು) ಹೆಸರಲ್ಲಿ ಗುಟ್ಟಿನ ವ್ಯವಹಾರ ಅಂತ ಮೆಸೇಜ್ ಬಂತು. ಅವರಿಗೆ ಅನುಮಾನ ಬಂದಿತ್ತು! ಆದ್ರೆ ವಿಡಿಯೋ ಕಾಲ್‌ನಲ್ಲಿ ಸಿಎಫ್‌ಒ, ಸಹೋದ್ಯೋಗಿಗಳು ಎಲ್ಲ ಕಂಡ್ರು, ಅನುಮಾನ ಹೋಯ್ತು. ಕಾಲ್‌ನಲ್ಲಿದ್ದ ಉಳಿದವರೆಲ್ಲ ಡೀಪ್‌ಫೇಕ್, ಅಂದ್ರೆ ಎಐನಿಂದ ಮಾಡಿದ ನಕಲಿ ಮುಖ, ಧ್ವನಿ. 15 ಸಲ ಹಣ ವರ್ಗಾಯಿಸಿದ್ರು, ಒಟ್ಟು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್.

ಕಣ್ಣು ಮಿಟುಕಿಸೋದು ನೋಡಿ, ತುಟಿ ಹೊಂದ್ತಿದೆಯಾ ನೋಡಿ ಅಂತ ತರಬೇತಿ ಕೊಡೋದು ನನಗೆ ಸರಿ ಅನ್ಸಲ್ಲ, ಆ ದೋಷಗಳು ದಿನದಿಂದ ದಿನಕ್ಕೆ ಮಾಯ ಆಗ್ತಿವೆ, ನಾಳೆ ದೋಷ ಕಾಣ್ಲಿಲ್ಲ ಅಂದ ತಕ್ಷಣ ಜನ ಅಸಲಿ ಅಂದ್ಕೊಳ್ತಾರೆ. ಮುಖ ಧ್ವನಿ ಎರಡೂ ಸಾಕ್ಷಿ ಅಲ್ಲ ಅಂತ ತೀರ್ಮಾನ ಮಾಡ್ಬಿಡಿ, ವಿಡಿಯೋ ಕಾಲ್‌ನಲ್ಲಿ ಏನೇ ಹೇಳಿದ್ರೂ ಹಣ ಹೋಗೋದು ಹಂತ 2ರ ದಾರಿಯಲ್ಲೇ. ಅನುಮಾನ ಬಂದ್ರೆ ಇಬ್ಬರಿಗೆ ಮಾತ್ರ ಗೊತ್ತಿರೋದನ್ನ ಕೇಳಬಹುದು. 2024ರಲ್ಲಿ ಫೆರಾರಿಯ ಅಧಿಕಾರಿಯೊಬ್ಬರು ಸಿಇಒ ಧ್ವನಿಯಲ್ಲಿ ಮಾತಾಡ್ತಿದ್ದವನಿಗೆ "ಮೊನ್ನೆ ನೀವು ನನಗೆ ಓದೋಕೆ ಹೇಳಿದ ಪುಸ್ತಕ ಯಾವುದು?" ಅಂತ ಕೇಳಿದ್ರು, ಕಾಲ್ ಅಲ್ಲಿಗೇ ಕಟ್ ಆಯ್ತು.

ಹಂತ 7: ನಿಧಾನವಾಗಿ ಬರೋರು

ಎಲ್ಲರೂ ಅವಸರ ಮಾಡಲ್ಲ. ಎಕ್ಸ್‌ಜೆಡ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ (ಇದರ ಕೋಡ್ ಯಾರು ಬೇಕಾದ್ರೂ ನೋಡಬಹುದು) 2024ರ ಮಾರ್ಚ್‌ನಲ್ಲಿ ಹಿಂಬಾಗಿಲು, ಅಂದ್ರೆ ಕದ್ದು ಒಳಗೆ ಬರೋ ದಾರಿ, ಸಿಕ್ತಲ್ಲ, ಅದನ್ನ ಇಟ್ಟವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೇ ಕೆಲಸ ಮಾಡಿ ನಂಬಿಕೆ ಗಳಿಸಿದ್ದ. ಬೇರೆ ಬೇರೆ ಹೆಸರಿನ ಅಕೌಂಟ್‌ಗಳಿಂದ, ಒಬ್ಬರೇ ದುಡೀತಾ ಸುಸ್ತಾಗಿದ್ದ ಮೇಂಟೇನರ್ (ಆ ಸಾಫ್ಟ್‌ವೇರ್ ನೋಡ್ಕೊಳ್ಳೋರು) ಮೇಲೆ "ಬೇರೆಯವರಿಗೆ ಬಿಟ್ಕೊಡಿ" ಅಂತ ಒತ್ತಡನೂ ಬಂದಿತ್ತು. ಸಿಕ್ಕಿದ್ದು ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅಂತ ಒಬ್ಬ ಇಂಜಿನಿಯರ್ ಬೆನ್ನು ಹತ್ತಿದ್ದಕ್ಕೆ. ಹಾಗಾಗಿ ನಂಬಿಕೆ ಎಷ್ಟೇ ಹಳೇದಾದ್ರೂ ರಿಲೀಸ್, ಪೇಮೆಂಟ್, ಅಡ್ಮಿನ್ ಅಧಿಕಾರ ಒಬ್ಬರದೇ ಕೈಗೆ ಪೂರ್ತಿ ಬರಬಾರದು, ಮತ್ತೆ ಮುಖ್ಯ ಕೆಲಸ ಹೊತ್ತಿರೋರು ಒಂಟಿಯಾಗಿ ದಣಿಯದ ಹಾಗೆ ನೋಡ್ಕೊಳ್ಳೋದೂ ಭದ್ರತೆಯ ಭಾಗನೇ.

ಹಂತ 8: ಜನ

2011ರಲ್ಲಿ ಆರ್‌ಎಸ್‌ಎ ಅನ್ನೋ ಸೆಕ್ಯುರಿಟಿ ಕಂಪನಿಗೇ ಆದದ್ದು ಇದು: ನೇಮಕಾತಿ ಯೋಜನೆ ಅನ್ನೋ ಹೆಸರಿನ ಎಕ್ಸೆಲ್ ಫೈಲ್ ಇದ್ದ ಮೇಲ್ ಜಂಕ್ ಫೋಲ್ಡರ್‌ಗೆ ಹೋಗಿತ್ತು, ಒಬ್ಬ ಉದ್ಯೋಗಿ ಅಲ್ಲಿಂದ ತೆಗೆದು ಓಪನ್ ಮಾಡಿದ್ರು. ಆ ಜಾಗದಲ್ಲಿ ಯಾರು ಬೇಕಾದ್ರೂ ಇರಬಹುದಿತ್ತು. ಅಂಥವರನ್ನ ಬೈದು, ಹೆಸರು ಹೇಳಿ ಅವಮಾನ ಮಾಡಿದ್ರೆ ಮುಂದಿನ ಸಲ ಕ್ಲಿಕ್ ಮಾಡಿದವರು ಬಾಯಿ ಮುಚ್ಕೊಂಡು ಕೂರ್ತಾರೆ, ನಿಮಗೆ ಗೊತ್ತಾಗೋದು ತಡವಾಗಿ. "ಕ್ಲಿಕ್ ಮಾಡ್ಬಿಟ್ಟೆ" ಅಂತ ಐದು ನಿಮಿಷದಲ್ಲಿ ಬಂದು ಹೇಳಿದವರಿಗೆ ಮೊದಲ ಉತ್ತರ "ಹೇಳಿದ್ದು ಒಳ್ಳೇದಾಯ್ತು" ಅಂತಾನೇ ಇರ್ಬೇಕು.

ಸುಳ್ಳು ಫಿಶಿಂಗ್ ಮೇಲ್ ಕಳಿಸಿ ಪರೀಕ್ಷೆ ಮಾಡ್ತೀರಾದ್ರೆ ಮಾಡಿ, ಆದ್ರೆ ಬೋನಸ್ ಬಂದಿದೆ, ಕೆಲಸ ಹೋಗತ್ತೆ ಅನ್ನೋ ಥರದ್ದು ಬೇಡ, ಅದು ಜನರ ನೋವಿನ ಜೊತೆ ಆಡೋದು. ಎಷ್ಟು ಜನ ಕ್ಲಿಕ್ ಮಾಡಿದ್ರು ಅನ್ನೋದಕ್ಕಿಂತ ಮೊದಲ ದೂರು ಎಷ್ಟು ನಿಮಿಷದಲ್ಲಿ ಬಂತು ಅಂತ ಅಳೆಯಿರಿ. ದೂರು ಕೊಡೋಕೆ ಮೇಲ್‌ನಲ್ಲಿ ಒಂದೇ ಬಟನ್, ಫೋನ್‌ಗೆ ಒಂದೇ ನಂಬರ್ ಇರ್ಲಿ.

ಇನ್ನೊಂದು, "ಆಗಲ್ಲ" ಅಂತ ಹೇಳೋ ಮಾತನ್ನ ನೀವೇ ಬರೆದು ಕೊಡಿ, ಯಾಕಂದ್ರೆ ಹೊಸದಾಗಿ ಸೇರಿದ ಹುಡುಗಿಗೆ ಡೈರೆಕ್ಟರ್ ಅಂತ ಹೇಳ್ಕೊಂಡು ಜೋರು ಮಾಡೋನ ಮುಂದೆ ಮಾತು ಹೊರಡಲ್ಲ. "ಸರ್, ನಿಯಮದ ಪ್ರಕಾರ ನಾನು ನಮ್ಮ ಡೈರೆಕ್ಟರಿಯಲ್ಲಿರೋ ನಿಮ್ಮ ನಂಬರ್‌ಗೆ ಈಗ್ಲೇ ವಾಪಸ್ ಕಾಲ್ ಮಾಡ್ತೀನಿ" ಇಷ್ಟೇ ಸಾಕು. ಅಸಲಿ ಡೈರೆಕ್ಟರ್‌ಗೇ ಹೀಗೆ ಹೇಳಿದಾಗ ಅವರು ಎಲ್ಲರೆದುರು ಥ್ಯಾಂಕ್ಸ್ ಹೇಳಿದ್ರೆ ಆ ಆಫೀಸ್‌ನಲ್ಲಿ ಈ ಅಭ್ಯಾಸ ಬೇರು ಬಿಡತ್ತೆ, ಮುಖ ಸಿಂಡರಿಸಿದ್ರೆ ನೀವು ಮಾಡಿದ ತರಬೇತಿ ಅಷ್ಟೂ ದಂಡ.

ಹಂತ 9: ಆಗಿಹೋದ್ರೆ ಮೊದಲ ಒಂದು ಗಂಟೆ

ಹಣ ಹೋಗಿದ್ರೆ ಒಳಗಿನ ವಿಚಾರಣೆ ಆಮೇಲೆ, ಮೊದ್ಲು ಬ್ಯಾಂಕ್‌ನ ವಂಚನೆ ವಿಭಾಗಕ್ಕೆ ಕಾಲ್ ಮಾಡಿ ಪಾವತಿ ವಾಪಸ್ ಕೇಳಿ, ಕೂಡಲೇ ಪೊಲೀಸ್ ದೂರು. ಮ್ಯಾಟೆಲ್ ಹಣ ಸಿಕ್ಕಿದ್ದು ಅದಿನ್ನೂ ಆ ಖಾತೆಯಿಂದ ಮುಂದೆ ಹೋಗದೇ ಇದ್ದಿದ್ದಕ್ಕೆ.

ಅಕೌಂಟ್ ಹೋಗಿದ್ರೆ ಪಾಸ್‌ವರ್ಡ್ ಬದಲಾಯಿಸೋದು ಒಂದೇ ಸಾಲಲ್ಲ, ಈಗಾಗಲೇ ಲಾಗಿನ್ ಆಗಿರೋ ಎಲ್ಲ ಸೆಷನ್ ರದ್ದು ಮಾಡಿ, ಹೊಸದಾಗಿ ಯಾವುದಾದ್ರೂ ಫೋನ್ ಅಥೆಂಟಿಕೇಟರ್ ಆಗಿ ಸೇರಿದೆಯಾ, ಮೇಲ್‌ನಲ್ಲಿ ಹೊಸ ರೂಲ್ ಇದೆಯಾ, ಯಾವುದಾದ್ರೂ ಆ್ಯಪ್‌ಗೆ ಅನುಮತಿ ಹೋಗಿದೆಯಾ ಅಂತ ನೋಡಿ. ಒಬ್ಬರಿಗೆ ಬಂದಿದೆ ಅಂದ್ರೆ ಇನ್ನೂ ಹಲವರಿಗೆ ಬಂದಿರತ್ತೆ, ತಕ್ಷಣ ಎಲ್ಲರಿಗೂ ಎಚ್ಚರಿಕೆ ಕಳಿಸಿ. ಆದ್ರೆ ಮಾಮೂಲಿ ಚಾಟ್‌ನಲ್ಲಿ ಪ್ಲಾನ್ ಮಾಡ್ಬೇಡಿ, ಊಬರ್ ಒಳಗೆ ಹೋದವನು ಕಂಪನಿಯ ಸ್ಲ್ಯಾಕ್‌ನಲ್ಲೇ (ಆಫೀಸ್ ಚಾಟ್ ಆ್ಯಪ್) ಮೆಸೇಜ್ ಹಾಕಿದ್ದ, ಅಂದ್ರೆ ನೀವು ಬರೆಯೋದನ್ನ ಅವನೂ ಓದ್ತಿರಬಹುದು. ಬೇರೆ ಒಂದು ಗ್ರೂಪ್ ಮುಂಚೆನೇ ರೆಡಿ ಇರ್ಲಿ, ಬ್ಯಾಂಕ್, ಪೊಲೀಸ್, ಐಟಿ, ವಕೀಲರ ನಂಬರ್‌ಗಳು ಪ್ರಿಂಟ್ ಮಾಡಿದ ಹಾಳೆಯಲ್ಲಿ ಫೈನಾನ್ಸ್ ಮತ್ತೆ ಹೆಲ್ಪ್‌ಡೆಸ್ಕ್ ಮೇಜಿನ ಮೇಲೆ ಇರ್ಲಿ, ಮೂರು ತಿಂಗಳಿಗೊಮ್ಮೆ ಆ ನಂಬರ್‌ಗಳಿಗೆ ಕಾಲ್ ಮಾಡಿ ಸರಿ ಇದೆಯಾ ಅಂತ ನೋಡೋ ಕೆಲಸ ಯಾರದ್ದು ಅಂತ ಹಾಳೆ ಮೇಲೆನೇ ಹೆಸರು ಬರೆದಿಡಿ.